ಬಲೂನ್ ಒಡೆಯದಿದ್ರೆ ಸ್ಪ್ರಿಂಗಿಗೆ ಯಾಕೆ ಬೈಗುಳ?

ಜಾತ್ರೆಯಲ್ಲಿ ಬಲೂನ್ ಶೂಟಿಂಗ್ ಅಂಗಡಿ ಮುಂದೆ ನಿಂತು ಹತ್ತು ಗುಂಡಿಗೆ ಮೂರೇ ಬಲೂನ್ ಒಡೆದ ಯಾರನ್ನಾದ್ರೂ ಕೇಳಿ ನೋಡಿ, ಕಾರಣ ರೆಡಿ ಇರತ್ತೆ: "ಅವ್ರು ಬೇಕಂತಲೇ ನಳಿಕೆ ಬಗ್ಗಿಸಿಟ್ಟಿರ್ತಾರೆ." ಪಕ್ಕದಲ್ಲಿ ಮೆಕ್ಯಾನಿಕಲ್ ಬ್ರಾಂಚಿನವನು ಒಬ್ಬ ಇದ್ದರೆ ಅವನದ್ದು ಇನ್ನೊಂದು: "ಇಲ್ಲ ಮಗಾ, ಸ್ಪ್ರಿಂಗ್ ವೀಕ್ ಆಗಿದೆ." ಮೊದಲನೆಯದು ಅಂಗಡಿಯವರ ಮೇಲೆ ಆರೋಪ, ಎರಡನೆಯದು ಸ್ಪ್ರಿಂಗಿನ ಮೇಲೆ. ಎರಡಕ್ಕೂ ಸಾಕ್ಷಿ ಇಲ್ಲ. ಎರಡನ್ನೂ ನಾವು ಒಪ್ಪಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಉದ್ದದ ಲೇಖನ ಯಾಕೆ ಅಂದ್ರೆ, ನಮ್ಮಲ್ಲೊಬ್ಬನ ಊರಲ್ಲಿ ಜಾತ್ರೆಯಿಂದ ಜಾತ್ರೆಗೆ ಬಲೂನ್ ಹಲಗೆ ಹೊತ್ಕೊಂಡು ಹೋಗೋ ಅಣ್ಣ ಒಬ್ರು ಇದಾರೆ. ಮೂರು ಹಳೇ ಏರ್ ರೈಫಲ್, ಒಂದು ಹಲಗೆ, ಒಂದು ಟಾರ್ಪಾಲು, ಅಷ್ಟೇ ಅವರ ಬಂಡವಾಳ. ಅದರಲ್ಲಿ ಒಂದು ಗನ್ನು ಎಲ್ಲಿಗೆ ಗುರಿ ಇಟ್ರೂ ಎಲ್ಲೆಲ್ಲೋ ಹೋಗ್ತಿತ್ತು. ಗಿರಾಕಿಗಳು ಜಗಳಕ್ಕೆ ಬರ್ತಿದ್ರು, ಮೋಸಗಾರ ಅಂತಿದ್ರು. ಪೇಟೆಯ ರಿಪೇರಿಯವರು ನೋಡಿದ ಕೂಡಲೇ "ಸ್ಪ್ರಿಂಗ್ ಹೋಗಿದೆ, ಸ್ಟ್ರಾಂಗ್ ಸ್ಪ್ರಿಂಗ್ ಹಾಕಿಸು" ಅಂದಿದ್ರಂತೆ. ಅಣ್ಣ ಆ ದುಡ್ಡು ಕೊಡೋ ಬದಲು ಗುಜರಿಗೆ ಹಾಕೋದೇ ವಾಸಿ ಅಂತ ತೀರ್ಮಾನ ಮಾಡಿದ್ರು. ಸೆಮಿಸ್ಟರ್ ರಜೆಯಲ್ಲಿ ನಾಲ್ಕು ಜನ ಅವರ ಹಿತ್ತಲಲ್ಲಿ ಆ ಗನ್ನಿನ ಜೊತೆ ಕೂತ್ವಿ. ಗುಜರಿಗೆ ಹೋಗಬೇಕಾಗಿದ್ದದ್ದು ಈಗ ಹಲಗೆ ಮುಂದೆ ಇದೆ. ಸ್ಪ್ರಿಂಗ್ ಅದೇ ಹಳೇದು.

ಮೊದಲು ಒಂದು ವ್ಯತ್ಯಾಸ. ಗುಂಡುಗಳೆಲ್ಲಾ ಒಂದೇ ಕಡೆ ಹೋಗಿ ಬೀಳ್ತಿವೆ, ಆದ್ರೆ ಆ ಕಡೆ ಗುರಿಯಿಂದ ದೂರ ಇದೆ ಅಂದ್ರೆ ಅದೊಂದು ಕಾಯಿಲೆ. ಗುಂಡುಗಳು ಒಂದಕ್ಕೊಂದು ಸಂಬಂಧಾನೇ ಇಲ್ಲದ ಹಾಗೆ ಚೆಲ್ಲಾಪಿಲ್ಲಿ ಆಗ್ತಿವೆ ಅಂದ್ರೆ ಅದು ಬೇರೇನೇ ಕಾಯಿಲೆ. ಮೆಟ್ರಾಲಜಿಯಲ್ಲಿ ಅಕ್ಯುರಸಿ, ಪ್ರಿಸಿಶನ್ ಅಂತ ಎರಡು ಮಾರ್ಕಿಗೆ ಬರೆದು ಮರೆತುಬಿಡೋದು ಇದನ್ನೇ. ನಳಿಕೆ ನಿಜವಾಗ್ಲೂ ಬಗ್ಗಿದ್ರೆ ಏನಾಗ್ಬೇಕು? ಪೆಲೆಟ್ಟು ನಳಿಕೆಯ ತುದಿ ಯಾವ ಕಡೆ ನೋಡ್ತಿದೆಯೋ ಆ ಕಡೆ ಹೋಗತ್ತೆ, ಪ್ರತಿ ಸಲಾನೂ. ಅಂದ್ರೆ ಬಗ್ಗಿದ ನಳಿಕೆಯ ಗನ್ನು ತಪ್ಪು ಜಾಗಕ್ಕೇ ಹೊಡೆಯತ್ತೆ, ಆದ್ರೆ ಪ್ರತಿ ಸಲಾನೂ ಅದೇ ತಪ್ಪು ಜಾಗಕ್ಕೆ. ಎರಡು ಗುಂಡು ಹೊಡೆದು ನೋಡಿದವನು ಮೂರನೇದಕ್ಕೆ ಗುರಿಯನ್ನ ಅಷ್ಟೇ ಪಕ್ಕಕ್ಕೆ ಇಟ್ಟು ಬಲೂನ್ ಒಡೆದುಬಿಡ್ತಾನೆ. ಮೋಸ ಮಾಡೋಕೆ ಇದಕ್ಕಿಂತ ದಡ್ಡ ದಾರಿ ಇಲ್ಲ.

ಇನ್ನು ಸ್ಪ್ರಿಂಗು. ಹನ್ನೆರಡನೇ ಕ್ಲಾಸಿನ ಫಿಸಿಕ್ಸ್ ಸಾಕು. ಗಾಳಿಯ ತಡೆ ಬಿಟ್ಟುಬಿಡಿ. ಪೆಲೆಟ್ಟಿನ ವೇಗ ಸೆಕೆಂಡಿಗೆ 150 ಮೀಟರ್ ಅಂತ ಇಟ್ಕೊಳ್ಳಿ, ಗುರಿ 10 ಮೀಟರ್ ದೂರ. ಅಷ್ಟು ದೂರ ಹೋಗೋ ಹೊತ್ತಿಗೆ ಅದು ಸುಮಾರು 2.2 ಸೆಂಟಿಮೀಟರ್ ಕೆಳಗೆ ಬಿದ್ದಿರತ್ತೆ. ಸ್ಪ್ರಿಂಗ್ ಸೋತು ವೇಗ 120ಕ್ಕೆ ಇಳಿದ್ರೆ 3.4 ಸೆಂಟಿಮೀಟರ್. ಆಯ್ತಾ? ಎಲ್ಲಾ ಗುಂಡೂ ಒಂದೇ ಸಮ 1.2 ಸೆಂಟಿಮೀಟರ್ ಕೆಳಗೆ ಬೀಳತ್ತೆ, ಸೈಟನ್ನ ನಾಲ್ಕು ಕ್ಲಿಕ್ ಏರಿಸಿದ್ರೆ ಮುಗೀತು. ಸರಿ, ಹಾಳು ಸ್ಪ್ರಿಂಗು ಗುಂಡಿಂದ ಗುಂಡಿಗೆ ವೇಗಾನೇ ಬದಲಿಸ್ತಿದೆ ಅಂತಲೇ ಅನ್ಕೊಳ್ಳೋಣ. 130ರಿಂದ 150ರ ನಡುವೆ ಕುಣೀತಿದೆ ಅಂದ್ರೂ ಮೇಲೆ ಕೆಳಗೆ ಆಗೋ ವ್ಯತ್ಯಾಸ 7 ಮಿಲಿಮೀಟರ್ ಅಷ್ಟೇ. ಎಡ ಬಲಕ್ಕಂತೂ ಏನೂ ಇಲ್ಲ. ಅಣ್ಣನ ಗನ್ನು 10 ಮೀಟರಿಗೆ ಟೀ ಸಾಸರಿನಷ್ಟು ಅಗಲಕ್ಕೆ ಚೆಲ್ತಿತ್ತು. ಇದನ್ನ ಸ್ಪ್ರಿಂಗಿನ ತಲೆಗೆ ಕಟ್ಟೋಕೆ ಗಣಿತಾನೇ ಬಿಡಲ್ಲ.

ಈಗ ಇದೇ ಲೆಕ್ಕಾನ ಬೇರೆ ಕಡೆ ಮಾಡಿ. ಮಧ್ಯಕ್ಕೆ ಮುರಿದು ಗುಂಡು ಹಾಕೋ ಗನ್ನಿನಲ್ಲಿ ನಳಿಕೆ ಒಂದು ಬೋಲ್ಟಿನ ಮೇಲೆ ತಿರುಗತ್ತೆ. ನಳಿಕೆ 45 ಸೆಂಟಿಮೀಟರ್ ಉದ್ದ ಅಂತ ಇಟ್ಕೊಳ್ಳಿ. ಆ ಬೋಲ್ಟು ಸಡಿಲ ಆಗಿ ತುದಿ ಬರೀ ಅರ್ಧ ಮಿಲಿಮೀಟರ್ ಆ ಕಡೆ ಸರಿದ್ರೆ 10 ಮೀಟರಿನಲ್ಲಿ ಗುಂಡು 1.1 ಸೆಂಟಿಮೀಟರ್ ಸರಿಯತ್ತೆ. ಈ ಕಡೆಗೂ ಅಷ್ಟೇ ಸರಿದ್ರೆ ಒಟ್ಟು 2.2. ಅರ್ಧ ಮಿಲಿಮೀಟರ್ ಅಂದ್ರೆ ಐದಾರು ಪುಟದ ಕಾಗದದ ದಪ್ಪ. ಇಪ್ಪತ್ತು ಮೀಟರ್ ವೇಗದ ಏರುಪೇರು ಮಾಡದಷ್ಟು ಅನಾಹುತಾನ ಐದಾರು ಕಾಗದದಷ್ಟು ಸಡಿಲು ಮಾಡತ್ತೆ. ಹಿಂದಿನ ಸೈಟು ನಳಿಕೆ ಮೇಲೇ ಇದ್ರೆ ಗುರಿ ಇಡುವಾಗ ಇದರಲ್ಲಿ ಸ್ವಲ್ಪ ಸರಿಹೋಗತ್ತೆ. ಸೈಟೋ ದುರ್ಬೀನೋ ಸಿಲಿಂಡರ್ ಮೇಲಿದ್ರೆ ಪೂರ್ತಿ ಪೆಟ್ಟು. ಪರೀಕ್ಷೆಗೆ ಖರ್ಚೇನಿಲ್ಲ. ಗುಂಡು ಹಾಕದೆ, ಕಾಕ್ ಮಾಡದೆ, ನಳಿಕೆ ಮುಚ್ಚಿರೋವಾಗ ತುದಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಟಕ್ ಟಕ್ ಅಂದ್ರೆ ಸಿಕ್ಕಿಬಿತ್ತು. ಅಣ್ಣನ ಗನ್ನಿನಲ್ಲಿ ಟಕ್ ಅಲ್ಲ, ಗಡ ಗಡ ಅಂತಿತ್ತು. ಬೋಲ್ಟು ಬಿಗಿ ಮಾಡಿದ್ವಿ, ಅದರ ಲಾಕಿಂಗ್ ಸ್ಕ್ರೂ ಕೂಡ. ಅಲ್ಲಿಗೇ ಸಾಸರು ಹೋಗಿ ಟೀ ಲೋಟದ ಬಾಯಿ ಆಯ್ತು.

ಒಂದು ಸಲಕ್ಕೆ ಒಂದೇ ಕೆಲಸ, ಆಮೇಲೆ ಹತ್ತು ಗುಂಡು. ಇದೊಂದು ನಿಯಮಾನ ನಾವು ಬಿಡಲಿಲ್ಲ. ಮೂರು ಗುಂಡು ಹೊಡೆದು "ಸೂಪರ್ ಗ್ರೂಪ್ ಗುರೂ" ಅನ್ನೋರನ್ನ ನಂಬಬೇಡಿ. ಮೂರು ಗುಂಡು ಅದೃಷ್ಟಕ್ಕೂ ಹತ್ತಿರ ಹತ್ತಿರ ಬೀಳತ್ತೆ. ಹತ್ತು ಬೀಳಲ್ಲ. ಬೋಲ್ಟೂ ಬಿಗಿ ಮಾಡಿ, ಪೆಲೆಟ್ಟೂ ಬದಲಿಸಿ, ನಳಿಕೇನೂ ಒರೆಸಿ, ಆಮೇಲೆ ಹೊಡೆದ್ರೆ ಯಾವ ಔಷಧಿ ಕೆಲಸ ಮಾಡ್ತು ಅಂತ ದೇವರಿಗೂ ಗೊತ್ತಾಗಲ್ಲ.

ಎರಡನೇ ದಿನ ಸ್ಕ್ರೂಗಳು. ಮರದ ಹಿಡಿಯ ಮುಂಭಾಗದಲ್ಲಿ ಎರಡು, ಟ್ರಿಗರ್ ಗಾರ್ಡಿನ ಹತ್ತಿರ ಒಂದೋ ಎರಡೋ. ಸ್ಪ್ರಿಂಗ್ ಗನ್ನಿನ ಪ್ರತಿ ಹೊಡೆತಕ್ಕೂ ಇವು ಕೂದಲೆಳೆಯಷ್ಟು ಬಿಚ್ಕೊಳ್ತಾವೆ. ಮಳೆಗಾಲದಲ್ಲಿ ಉಬ್ಬಿದ ಮರ ಬೇಸಿಗೆಯಲ್ಲಿ ಸೊರಗಿದಾಗಂತೂ ಕೇಳೋದೇ ಬೇಡ. ಬಿಗಿ ಮಾಡಿ, ಸಾಧ್ಯವಾದ್ರೆ ಸ್ಟಾರ್ ವಾಷರ್ ಹಾಕಿ. ಹಳೇ ಮರಕ್ಕೆ ಭೀಮಬಲ ತೋರಿಸಬೇಡಿ, ಸೀಳತ್ತೆ. ಮುಂದಿನ ಸೈಟು ಬೆರಳಲ್ಲಿ ಒತ್ತಿದ್ರೆ ಅಲ್ಲಾಡತ್ತಾ ಅಂತಾನೂ ಆಗಲೇ ನೋಡ್ಬಿಡಿ. ಅರ್ಧ ಮಿಲಿಮೀಟರಿನ ಲೆಕ್ಕ ಅದಕ್ಕೂ ಅನ್ವಯ.

ಪೆಲೆಟ್ಟಿನ ವಿಷಯಕ್ಕೆ ಸ್ವಲ್ಪ ಕೂತು ಮಾತಾಡಬೇಕು. ನಡು ಸಣ್ಣ, ಹಿಂದೆ ಲಂಗದ ಹಾಗೆ ಅಗಲ, ಸೀಸದ್ದು. ಆ ಲಂಗವೇ ಉಬ್ಬಿ ನಳಿಕೆಯ ಒಳಗಿನ ಸುರುಳಿ ಗೀರುಗಳನ್ನ ಹಿಡ್ಕೊಂಡು ಗಾಳಿ ಸೋರದ ಹಾಗೆ ತಡೆಯೋದು. ಈ ಲಂಗ ಒಂದು ಕಡೆ ಚಪ್ಪಟೆ ಆಗಿದ್ರೆ ಗಾಳಿ ಆ ಕಡೆಯಿಂದ ನುಗ್ಗತ್ತೆ, ಪೆಲೆಟ್ಟು ನಳಿಕೆ ಬಿಡುವಾಗಲೇ ಓಲಾಡ್ತಾ ಹೊರಡತ್ತೆ. ಅಣ್ಣನ ಪೆಲೆಟ್ಟು ಇದ್ದದ್ದು ಪ್ಲಾಸ್ಟಿಕ್ ಕವರಿನಲ್ಲಿ, ಚಿಲ್ಲರೆ ಕಾಸಿನ ಜೊತೆಗೆ. ಒಂದು ತಟ್ಟೆಗೆ ಸುರಿದು, ಅಕ್ಕಿಯಲ್ಲಿ ಕಲ್ಲು ಆರಿಸೋ ಹಾಗೆ ಆರಿಸಿದ್ವಿ. ಅಣ್ಣನ ಮನೆಯವರು ನಮ್ಮನ್ನ ನೋಡಿ ನಕ್ಕರು, ಆಮೇಲೆ ಅವರೇ ಕೂತು ನಮಗಿಂತ ಜೋರಾಗಿ ಆರಿಸಿದ್ರು. ಗಾತ್ರದ ಪರೀಕ್ಷೆ ಹೆಬ್ಬೆರಳಲ್ಲೇ ಆಗತ್ತೆ. ಒಂದು ಪೆಲೆಟ್ಟು ತಾನಾಗೇ ಒಳಗೆ ಬೀಳತ್ತೆ, ಇನ್ನೊಂದನ್ನ ಒತ್ತಿ ಕೂರಿಸಬೇಕು ಅಂದ್ರೆ ಒಂದೇ ಡಬ್ಬಿಯಲ್ಲಿ ಎರಡು ಸೈಜು ಇದೆ ಅಂತ ಅರ್ಥ. ಹಗುರವಾಗಿ, ಪ್ರತಿ ಸಲಾನೂ ಒಂದೇ ತರ ಒತ್ತಿ ಕೂರೋದು ಒಳ್ಳೇದು. ಯಾವ ಬ್ರ್ಯಾಂಡ್ ಅಂತ ಕೇಳಬೇಡಿ, ಒಂದೊಂದು ನಳಿಕೆಗೆ ಒಂದೊಂದು ರುಚಿ. ನಾಲ್ಕೈದು ತರದ್ದು ತಂದು, ತಲಾ ಹತ್ತು ಹೊಡೆದು ನೋಡೋದೊಂದೇ ದಾರಿ. ಚೂಪು ಮೂತಿಯದ್ದು ನೋಡೋಕೆ ಕ್ಷಿಪಣಿ ತರ ಇರತ್ತೆ, ಗುರಿಗೆ ಸಾಮಾನ್ಯವಾಗಿ ದುಂಡು ಮೂತಿಯದ್ದೇ ವಾಸಿ.

ನಳಿಕೆ ಮುಚ್ಚಿದಾಗ ಸಿಲಿಂಡರಿಗೆ ಕೂಡೋ ಜಾಗದಲ್ಲಿ ಒಂದು ಸೀಲ್ ಇರತ್ತೆ. ಹಳೇದ್ರಲ್ಲಿ ಚರ್ಮ, ಆಮೇಲಿನದ್ರಲ್ಲಿ ರಬ್ಬರ್ ಓ-ರಿಂಗು. ಗುಂಡು ಹಾಕಿ, ಆ ಕೂಡುವ ಜಾಗದ ಮೇಲೆ ಟಿಶ್ಯೂ ಕಾಗದದ ಪಟ್ಟಿ ಇಟ್ಟು ಹೊಡೀರಿ. ಕಾಗದ ಹಾರಿದ್ರೆ ಗಾಳಿ ಸೋರ್ತಿದೆ. ಗುಂಡು ಹಾಕದೆ ಮಾತ್ರ ಯಾವತ್ತೂ ಹೊಡೀಬೇಡಿ. ಎದುರಿಗೆ ಪೆಲೆಟ್ಟು ಇದ್ರೆ ತಾನೇ ಗಾಳಿ ಮೆತ್ತೆ ಹಾಗೆ ನಿಂತು ಪಿಸ್ಟನ್ನಿನ ಪೆಟ್ಟು ತಡೆಯೋದು? ಇಲ್ಲದಿದ್ರೆ ಲೋಹಕ್ಕೆ ಲೋಹ ಬಡಿಯತ್ತೆ. ಓ-ರಿಂಗನ್ನ ಹಳೇದರ ಅಳತೆ ಕೊಟ್ಟು ಆಯಿಲ್ ಸೀಲ್ ಅಂಗಡಿಯಲ್ಲಿ ತಗೋಬಹುದು. ಬೆಂಗಳೂರಿನವರಿಗೆ ಜೆ.ಸಿ. ರೋಡ್ ಇದ್ದೇ ಇದೆ. ಅದು ಲೋಹದ ಮುಖಕ್ಕಿಂತ ಒಂದು ಕೂದಲು ಮೇಲೆ ಕೂರಬೇಕು.

ನಳಿಕೆಯ ತುದಿ ಇನ್ನೊಂದು ಗುಪ್ತ ಶತ್ರು. ಪೆಲೆಟ್ಟು ಕೊನೆಯದಾಗಿ ಮುಟ್ಟೋ ಜಾಗ ಅದು. ಗನ್ನನ್ನ ಮೂತಿ ಕೆಳಗೆ ಮಾಡಿ ನೆಲಕ್ಕೆ ಊರಿ ಇಡೋ ಅಭ್ಯಾಸ ಇದ್ರೆ ಅಲ್ಲಿ ಸಣ್ಣ ಮುಳ್ಳು ಎದ್ದಿರತ್ತೆ. ಕಿವಿಗೆ ಹಾಕೋ ಹತ್ತಿ ಕಡ್ಡೀನ ಒಳಗಿಂದ ಹೊರಕ್ಕೆ ಎಳೆದು ನೋಡಿ, ಹತ್ತಿ ಸಿಕ್ಕಿಹಾಕ್ಕೊಂಡ್ರೆ ಮುಳ್ಳಿದೆ. ಇದಕ್ಕೆ ಮದ್ದು ಒಂದು ದುಂಡು ತಲೆಯ ಹಿತ್ತಾಳೆ ಸ್ಕ್ರೂ ಮತ್ತು ಗ್ಯಾರೇಜಿನವರ ವಾಲ್ವ್ ಗ್ರೈಂಡಿಂಗ್ ಪೇಸ್ಟು. ಸ್ಕ್ರೂನ ಹ್ಯಾಂಡ್ ಡ್ರಿಲ್ಲಿಗೆ ಸಿಕ್ಕಿಸಿ, ತಲೆಗೆ ಪೇಸ್ಟ್ ಬಳಿದು, ನಳಿಕೆ ಬಾಯಿಗೆ ಇಟ್ಟು, ಓಲಾಡಿಸ್ತಾ ನಿಧಾನ ತಿರುಗಿಸಿ. ಒಳಗೆ ಪೇಸ್ಟ್ ಹೋಗದ ಹಾಗೆ ಮೊದಲೇ ಬಟ್ಟೆ ತುರುಕಿ. ನಳಿಕೆ ಒಳಗೆ ತೊಳೆಯೋಕೆ ಮೀನು ಹಿಡಿಯೋ ನೈಲಾನ್ ದಾರಕ್ಕೆ ಬಟ್ಟೆ ಚೂರು ಕಟ್ಟಿ, ಹಿಂದಿನಿಂದ ಮುಂದಕ್ಕೆ ಎಳೀರಿ. ಕಬ್ಬಿಣದ ಸರಳು ತೂರಿಸೋದು ಬೇಡ. ತೊಳೆದ ಮೇಲೆ ಮೊದಲ ಹತ್ತಿಪ್ಪತ್ತು ಗುಂಡಿಗೆ ಬೆಲೆ ಕೊಡಬೇಡಿ, ನಳಿಕೆಗೆ ಮತ್ತೆ ಸೀಸ ಹತ್ತೋವರೆಗೂ ಅದು ಮುನಿಸ್ಕೊಂಡಿರತ್ತೆ.

ಎಣ್ಣೆ ಹುಚ್ಚು ಬೇರೆ ಇದೆ. ಕಿರ್ ಅಂದ್ರೆ ಹೊಲಿಗೆ ಮಷೀನ್ ಎಣ್ಣೆ, ತುಕ್ಕು ಅಂದ್ರೆ ಎಣ್ಣೆ, ಸುಮ್ನೆ ಕೂತ್ರೂ ಎಣ್ಣೆ. ಪಿಸ್ಟನ್ ನುಗ್ಗಿದಾಗ ಸಿಲಿಂಡರಿನ ಗಾಳಿ ಕ್ಷಣದಲ್ಲಿ ಹಿಂಡಿಹೋಗಿ ಭಯಂಕರ ಬಿಸಿ ಆಗತ್ತೆ. ಅಲ್ಲಿ ಪೆಟ್ರೋಲಿಯಂ ಎಣ್ಣೆ ಇದ್ರೆ ಹೊತ್ತಿಕೊಳ್ಳತ್ತೆ. ಡೀಸೆಲ್ ಎಂಜಿನ್ ಹೇಗೆ ಕೆಲಸ ಮಾಡತ್ತೆ ಅಂತ ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆಯೋ ನಮಗೆ ಇದು ಹೊಳೀಬೇಕಿತ್ತು ತಾನೇ. ಒಂದು ಗುಂಡಿಗೆ ಸ್ಫೋಟ, ಇನ್ನೊಂದಕ್ಕೆ ಇಲ್ಲ. ವೇಗ ಹುಚ್ಚುಚ್ಚಾಗಿ ಏರತ್ತೆ, ಇಳಿಯತ್ತೆ. ಬಾಯಲ್ಲಿ ಹೊಗೆ, ಪಟಾಕಿ ಸದ್ದು, ಸುಟ್ಟ ವಾಸನೆ ಬಂದ್ರೆ ಇದೇ. ಹಳೇ ಚರ್ಮದ ಪಿಸ್ಟನ್ ಸೀಲಿಗೆ ಅಪರೂಪಕ್ಕೆ ಒಂದೆರಡು ಹನಿ ಬೇಕು, ಇಲ್ಲದಿದ್ರೆ ಒಣಗಿ ಮುದುಡಿಹೋಗತ್ತೆ. ಒಂದೆರಡು ಹನಿ ಅಂದ್ರೆ ಒಂದೆರಡು ಹನಿ.

ಇಷ್ಟೆಲ್ಲಾ ಆದ್ಮೇಲೂ ಒಬ್ಬನಿಗೆ ಚೆನ್ನಾಗಿ ಬೀಳೋ ಗನ್ನು ಇನ್ನೊಬ್ಬನಿಗೆ ಚೆಲ್ಲತ್ತೆ. ಇಲ್ಲಿ ತಪ್ಪು ಗನ್ನಿನದ್ದಲ್ಲ, ಹಿಡಿತದ್ದು. ಟ್ರಿಗರ್ ಬಿಟ್ಟಾಗ ಭಾರದ ಪಿಸ್ಟನ್ನು ಮುಂದೆ ನುಗ್ಗತ್ತೆ, ಗನ್ನು ಹಿಂದೆ ಒದೆಯತ್ತೆ. ಪಿಸ್ಟನ್ನು ಕೊನೆ ಮುಟ್ಟಿ ನಿಂತಾಗ ಗನ್ನು ಮತ್ತೆ ಮುಂದಕ್ಕೆ ಜಗ್ಗತ್ತೆ. ಪೆಲೆಟ್ಟು ಇನ್ನೂ ನಳಿಕೆ ಒಳಗಿರುವಾಗಲೇ ಈ ಕುಣಿತ ಶುರು. ಇದನ್ನ ಗಟ್ಟಿಯಾಗಿ ಅಪ್ಪಿಕೊಂಡು ತಡೀತೀನಿ ಅನ್ನೋದು ಹಠ. ಪ್ರತಿ ಸಲಾನೂ ಒಂದೇ ಬಲದಲ್ಲಿ ಹಿಡಿಯೋಕೆ ಯಾರಿಗೂ ಆಗಲ್ಲ. ಅದರ ಬದಲು ಎಡ ಅಂಗೈ ಮೇಲೆ ಸುಮ್ನೆ ಮಲಗಿಸಿ, ಭುಜಕ್ಕೆ ಹಗುರ ತಾಗಿಸಿ, ಅದು ಕುಣಿಯೋಷ್ಟು ಕುಣಿಯಲಿ ಅಂತ ಬಿಡಿ. ಮೇಜಿಗೋ ಕಲ್ಲಿಗೋ ಆನಿಸಿ ಹೊಡೆದ್ರೆ ಇನ್ನೂ ಕೆಡತ್ತೆ. ಅಂಗಡಿಯ ಮುಂದಿನ ಹಲಗೆಗೆ ಮೊಣಕೈ ಊರಿ, ಗನ್ನನ್ನ ಹಲಗೆಗೇ ಒತ್ತಿ ಹಿಡಿದು ಹೊಡೆಯೋ ವೀರರು ಗಮನಿಸಿ, ಬಲೂನ್ ಒಡೆಯದ್ದಕ್ಕೆ ಅಣ್ಣ ಕಾರಣ ಅಲ್ಲ.

ಸ್ಪ್ರಿಂಗ್ ಗನ್ನು ಅಂದ್ರೇನೇ ಡಬ್ಬಾ ಅನ್ನೋರಿಗೆ ಒಂದು ಮಾತು. 1960, 70ರ ದಶಕದಲ್ಲಿ 10 ಮೀಟರ್ ಸ್ಪರ್ಧೆಗಳಲ್ಲಿ ಜರ್ಮನಿಯ ಸ್ಪ್ರಿಂಗ್ ರೈಫಲ್‌ಗಳೇ ಮೆರೀತಿದ್ವು. ಫೈನ್‌ವೆರ್ಕ್‌ಬೌ 300ರಲ್ಲಿ ಇಡೀ ಯಂತ್ರಭಾಗಾನೇ ಹಳಿ ಮೇಲೆ ಹಿಂದೆ ಜಾರೋ ಹಾಗೆ ಮಾಡಿ ಒದೆತ ಶೂಟರಿಗೆ ಗೊತ್ತಾಗದ ಹಾಗೆ ಮಾಡಿದ್ರು. ಡಯಾನಾದವರು ಒಂದು ಪಿಸ್ಟನ್ ಮುಂದೆ ಹೋದ್ರೆ ಇನ್ನೊಂದು ಹಿಂದೆ ಹೋಗೋ ಹಾಗೆ ಜೋಡಿ ಪಿಸ್ಟನ್ ಇಟ್ರು. ಈ ಸ್ಪರ್ಧೆಯ ಈಗಿನ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ 0.5 ಮಿಲಿಮೀಟರ್, ಪೆಲೆಟ್ಟಿನದ್ದು 4.5. ಆ ರೈಫಲ್‌ಗಳ ವೇಗ ಜಾಸ್ತಿ ಏನಿರಲಿಲ್ಲ, ಅದಕ್ಕೆ ಬೇಕಾಗೂ ಇರಲಿಲ್ಲ. ಸ್ಟ್ರಾಂಗ್ ಸ್ಪ್ರಿಂಗ್ ಹಾಕಿದ್ರೆ ಗುರಿ ಸರಿಹೋಗತ್ತೆ ಅನ್ನೋ ರಿಪೇರಿ ಅಂಗಡಿ ಸಲಹೆ ನಮಗೆ ತಲೆಕೆಳಗು ಅನ್ಸೋದು ಇದಕ್ಕೇ. ಸ್ಪ್ರಿಂಗ್ ಗಟ್ಟಿ ಆದಷ್ಟೂ ಕುಣಿತ ಜಾಸ್ತಿ, ಸ್ಕ್ರೂ ಬೇಗ ಬಿಚ್ಚತ್ತೆ, ಹಿಡಿತ ಇನ್ನೂ ಕಷ್ಟ. ಕಾಕ್ ಮಾಡಿ ಮಾಡಿ ಅಣ್ಣನ ಭುಜ ನೋಯೋದು ಬೇರೆ.

ಅಣ್ಣನ ಮೂರನೇ ಗನ್ನಿನ ಕಥೆ ಸ್ವಾರಸ್ಯವಾಗಿದೆ. ಅದರ ನಳಿಕೆ ನಿಜವಾಗ್ಲೂ ಮೇಲಕ್ಕೆ ಬಗ್ಗಿತ್ತು. ಬಗ್ಗಿಸಿದ್ದು ಅವರಲ್ಲ. ನಳಿಕೆ ತೆರೆದಿರುವಾಗಲೇ ಗಿರಾಕಿ ಒಬ್ಬ ಟ್ರಿಗರ್ ಒತ್ತಿದ್ದ. ಹಾಗೆ ಮಾಡಿದ್ರೆ ನಳಿಕೆ ಬಡಿದು ಮುಚ್ಕೊಳ್ಳತ್ತೆ, ಆ ಹೊಡೆತಕ್ಕೆ ಮೇಲ್ಮುಖವಾಗಿ ಬಾಗತ್ತೆ. ನಡುವೆ ಬೆರಳಿದ್ರೆ ಬೆರಳೂ ಹೋಗತ್ತೆ. ಅದಕ್ಕೇ ಪೆಲೆಟ್ಟು ಹಾಕುವಾಗ ಇನ್ನೊಂದು ಕೈ ನಳಿಕೆ ಬಿಡಬಾರದು. ಆ ಗನ್ನು ಪ್ರತಿ ಗುಂಡನ್ನೂ ಒಂದು ಬಲೂನಿನಷ್ಟು ಮೇಲಕ್ಕೆ ಹಾಕ್ತಿತ್ತು, ಆದ್ರೆ ಮೂರರಲ್ಲಿ ಅತ್ಯಂತ ಶಿಸ್ತಿನದ್ದು ಅದೇ. ಹಿಂದಿನ ಸೈಟು ಪೂರ್ತಿ ಇಳಿಸಿದ್ವಿ, ಇನ್ನೂ ಸ್ವಲ್ಪ ಮೇಲೆ ಹೋಗತ್ತೆ. ಅಣ್ಣ ಈಗ ಗಿರಾಕಿಗಳಿಗೆ "ಒಂಚೂರು ಕೆಳಗೆ ಹಿಡೀರಿ ಸಾರ್" ಅಂತ ಮೊದಲೇ ಹೇಳ್ತಾರೆ. ಮೋಸಗಾರರು ಹೀಗೆ ಹೇಳ್ತಾರಾ?

ನಮ್ಮ ಲ್ಯಾಬಿನ ಬಗ್ಗೆ ಹೇಳದಿದ್ರೆ ಈ ಲೇಖನ ಪೂರ್ತಿ ಆಗಲ್ಲ. ಅಲ್ಲಿ ನಮಗೆ ಕೊಡೋ ಯಂತ್ರಗಳೆಲ್ಲಾ ಕೆಲಸ ಮಾಡ್ತಾವೆ, ಉತ್ತರ ಏನು ಬರಬೇಕು ಅಂತ ಸೀನಿಯರ್ ರೆಕಾರ್ಡಿನಲ್ಲಿ ಇರತ್ತೆ, ರೀಡಿಂಗ್ ಆ ಉತ್ತರದ ಕಡೆಗೆ ನಡೆದುಕೊಂಡು ಹೋಗತ್ತೆ. ಕೆಟ್ಟ ಯಂತ್ರ ಕೊಟ್ಟು "ಯಾಕೆ ಕೆಟ್ಟಿದೆ ಹೇಳು" ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ. ಸೆಮಿಸ್ಟರಿಗೆ ಒಂದೇ ಒಂದು ಲ್ಯಾಬ್ ಹೀಗಿರಲಿ ಅನ್ನೋದು ನಮ್ಮ ಬೇಡಿಕೆ. ಗನ್ನೇ ಬೇಕಂತಿಲ್ಲ, ಹೊಲಿಗೆ ಮಷೀನು, ಮಿಕ್ಸಿ, ಸೈಕಲ್ ಡೈನಮೋ ಯಾವುದಾದ್ರೂ ಆಗ್ಲಿ. ಸ್ಪ್ರಿಂಗ್ ಹೋಗಿದೆ ಅಂತ ಬರೆದವನಿಗೆ ಸೊನ್ನೆ, ಸ್ಪ್ರಿಂಗ್ ಹೋಗಿಲ್ಲ ಅಂತ ಹೇಗೆ ಗೊತ್ತಾಯ್ತು ಅಂತ ಬರೆದವನಿಗೆ ಪೂರ್ತಿ ಅಂಕ.

ಇದನ್ನ ಓದಿ ಅಟ್ಟದ ಮೇಲಿನ ತಾತನ ಗನ್ನು ಇಳಿಸೋರಿಗೆ: 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಬೋರಿನ, 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಹಾಗಂತ ಹಾಸ್ಟೆಲಿಗೆ ತರೋ ವಸ್ತು ಅಲ್ಲ ಅದು. ಹಕ್ಕಿಗಳ ಕಡೆ ತಿರುಗಿಸೋರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಓದ್ಕೊಳ್ಳಿ. ಗುರಿ ಹಿಂದೆ ಮಣ್ಣಿನ ದಿಬ್ಬವೋ ಮರಳಿನ ಮೂಟೆಯೋ ಇರಲಿ, ಕಲ್ಲು ಗೋಡೆ ಬೇಡ, ಸೀಸ ವಾಪಸ್ ಬರತ್ತೆ. ಕನ್ನಡಕ ಹಾಕ್ಕೊಳ್ಳಿ, ಸೀಸ ಮುಟ್ಟಿದ ಕೈ ತೊಳೆದೇ ಊಟ ಮಾಡಿ.

ಇಷ್ಟೂ ಮಾಡಿದ ಮೇಲೂ ಚೆಲ್ಲಿದ್ರೆ, ಆಗ ಸ್ಪ್ರಿಂಗಿನ ಸರದಿ. ಕಾಕ್ ಮಾಡುವಾಗ ಕರಕರ ಸದ್ದು, ಹೊಡೆದ ಮೇಲೆ ತಂಬೂರಿ ಮೀಟಿದ ಹಾಗೆ ಟೊಂಯ್ ಅನ್ನೋದು, ಗುಂಡು ದಿನೇ ದಿನೇ ಕೆಳಗಿಳಿಯೋದು, ಇವು ಲಕ್ಷಣಗಳು. ಮುರಿದ ಸ್ಪ್ರಿಂಗೂ ಗುಂಡು ಹೊಡೆಯತ್ತೆ, ಅದೇ ಮೋಸ. ಅದನ್ನ ಮನೆಯಲ್ಲಿ ಸ್ಕ್ರೂಡ್ರೈವರಲ್ಲಿ ಬಿಚ್ಚಬೇಡಿ, ಒಳಗೆ ಒತ್ತಿಟ್ಟಿರೋ ಸ್ಪ್ರಿಂಗು ಹಾರಿದ್ರೆ ಹಲ್ಲು ಹೋಗತ್ತೆ. ಸ್ಪ್ರಿಂಗ್ ಕಂಪ್ರೆಸರ್ ಇರೋರ ಹತ್ತಿರ ಕೊಡಿ, ಮೊದಲಿದ್ದ ಶಕ್ತಿಯದ್ದನ್ನೇ ಹಾಕಿಸಿ. ಆಮೇಲೆ ಮತ್ತೆ ಹತ್ತು ಗುಂಡು, ಅದೇ ಡಬ್ಬಿಯಿಂದ, ಅದೇ ದೂರಕ್ಕೆ.